ವಸಡಿಗೆ ಹಚ್ಚಿದ ನಿದ್ದೆಯ ಮದ್ದು

ಬನಹಟ್ಟಿಯ ನಮ್ಮ ಮನೆಯ ಹಿಂಭಾಗದಲ್ಲಿ ಪಾವರ್‌ಲೂಮ್ ಮಗ್ಗಗಳು ಓಡುತ್ತಿದ್ದವು. ಆ ಸದ್ದಿನಲ್ಲಿ ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಾಯಿ ಒಯ್ಯಲೇಬೇಕು. ನಾನೂ ಮೈದುನನ ಹೆಂಡತಿಯಾದ ನನ್ನ ನೆಗೆಣ್ಣಿಯೂ ನೂಲು ಸುತ್ತುತ್ತ ದಿನವಿಡೀ ಹಾಗೆಯೇ ಹರಟುತ್ತಿದ್ದೆವು. ನನಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾದ ಮೇಲೆ ಅವಳು ಕಿವಿ ಕೊಡುವುದನ್ನು ಬಿಟ್ಟಳು. ನಾನು ಅವಳತ್ತ ಬಾಗಿದರೆ ಏನಾದರೂ ನೆಪ ಮಾಡಿ ಎದ್ದು ಹೋಗುತ್ತಿದ್ದಳು. ಒಂದು ದಿನ ಕರೆಂಟು ಹೋದಾಗ ಯಾಕೆಂದು ಕೇಳಿಯೇಬಿಟ್ಟೆ.

"ಸಿಟ್ಟಾಗಬ್ಯಾಡಕ್ಕಾ. ನಿನ್ನ ಬಾಯಿ ಭಾಳ ವಾಸನಿ ಬರಾಕತ್ತೈತಿ," ಎಂದಳು.

ಅಂದಿನಿಂದ ಬಾಯಿಗೆ ಸೆರಗು ಬಂತು, ಮಾತು ನಿಂತಿತು. ವಸಡು ಊದಿತ್ತು, ಹಲ್ಲುಜ್ಜಿದರೆ ರಕ್ತ ಬರುತ್ತಿತ್ತು. ರೊಟ್ಟಿ ಜಗಿಯಲಾಗದೆ ಮೆತ್ತಗಿನ ಅನ್ನ ಉಣ್ಣುತ್ತಿದ್ದೆ. ಅನ್ನ ಉಂಡರೆ ಸಕ್ಕರೆ ಏರುತ್ತಿತ್ತು, ಸಕ್ಕರೆ ಏರಿದರೆ ವಸಡು ಇನ್ನಷ್ಟು ಕೆಡುತ್ತಿತ್ತು. ಊರಿನ ವೈದ್ಯರು, "ಅನ್ನ ಬಿಡ್ರಿ, ರೊಟ್ಟಿ ತಿನ್ರಿ," ಎನ್ನುತ್ತಿದ್ದರು. ಯಾವ ಹಲ್ಲಿನಿಂದ ಎಂದು ನಾನು ಕೇಳಲಿಲ್ಲ. ತಾಟಿನ ಮುಂದೆ ಕುಳಿತರೆ ಅಳು ಬರುತ್ತಿತ್ತು.

ಕೊನೆಗೆ ಗಂಡ ಜಮಖಂಡಿಗೆ, ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದ. ಅವರು ತೀರಾ ಅಲುಗಾಡುತ್ತಿದ್ದ ಎರಡು ಹಲ್ಲು ಕಿತ್ತರು, ಉಳಿದವುಗಳ ಬುಡದ ಕೊಳೆ ಕೆರೆದು ತೆಗೆದರು. ಆಮೇಲೆ ಒಂದು ಸಣ್ಣ ಟ್ಯೂಬು ತೋರಿಸಿದರು.

"ಮೆಲಟೋನಿನ್ ಅಂತ್ರಿ. ನಿದ್ದಿಗಂತ ನಮ್ಮ ಮೈಯಾಗ ತಾನೇ ಹುಟ್ಟತೈತಿ. ಸಕ್ಕರಿ ಇದ್ದವರ ವಸಡಿಗೆ ಅದರ ಜೆಲ್ ಹಚ್ಚಿ ನೋಡಾಕತ್ತಾರ. ನೀವು ಹೂಂ ಅಂದ್ರ ಹಚ್ಚೂಣು."

"ಹಚ್ಚಿದ್ರ ನಿದ್ದಿ ಬರತೈತೇನ್ರಿ?"

"ಇಲ್ರೀ, ಬಾವು ಇಳೀಲಿ ಅಂತ. ಖಾತ್ರಿ ಹೇಳಾಂಗಿಲ್ಲ. ಸಕ್ಕರಿ ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ನನಗೆ ಬೇರೆ ದಾರಿ ಇರಲಿಲ್ಲ, ಒಪ್ಪಿದೆ. ಟ್ಯೂಬು ಮನೆಗೆ ತಂದು ದಿನವೂ ಬೆರಳಿನಿಂದ ವಸಡಿಗೆ ಜೆಲ್ ಸವರಿಕೊಂಡು, ನುಂಗಬಾರದೆಂದು ತುಟಿ ಬಿಗಿದು ಗೋಡೆಗೊರಗಿ ಕೂರುತ್ತಿದ್ದೆ. ಯಾರು ಕರೆದರೂ ಓಗೊಡುವಂತಿರಲಿಲ್ಲ. ಆ ಹೊತ್ತಿನಲ್ಲಿ ಮನೆಯೊಳಗಿದ್ದೂ ಯಾವುದೋ ಕೋಣೆಯಲ್ಲಿ ಕೂಡಿಹಾಕಿದಂತೆ ಅನಿಸುತ್ತಿತ್ತು.

ಕೆಲವು ತಿಂಗಳಿಗೆ ರಕ್ತ ನಿಂತಿತು, ಬಾವು ಇಳಿಯಿತು. ಜೆಲ್ಲಿನಿಂದಲೋ, ಕೊಳೆ ತೆಗೆದದ್ದರಿಂದಲೋ, ಗುಳಿಗೆಯಿಂದಲೋ, ಡಾಕ್ಟರರೂ ಬಿಡಿಸಿ ಹೇಳಲಿಲ್ಲ. ಸಡಿಲವಾದ ಹಲ್ಲುಗಳು ಮಾತ್ರ ಗಟ್ಟಿಯಾಗಲಿಲ್ಲ.

"ಇನ್ನ ಬರೂದು ಬ್ಯಾಡಲ್ರಿ?" ಎಂದು ತಪಾಸಣೆಯ ದಿನ ಅವರನ್ನು ಆಸೆಯಿಂದ ಕೇಳಿದೆ.

"ಬರಬೇಕ್ರಿ. ಬಿಟ್ರ ಮತ್ತ ತಿರುಗಿ ಬರತೈತಿ. ಸಕ್ಕರಿ ಇರೂತನಕ ನೋಡಿಕೊಳ್ಳಾಕಬೇಕು."

ಹೊರಗೆ ಬೆಂಚಿನ ಮೇಲೆ ಗಂಡ ಕಾಯುತ್ತಿದ್ದ.

"ಆತೇನು?" ಎಂದ.

"ಮತ್ತ ಬರಬೇಕಂತ," ಎಂದು ಚಪ್ಪಲಿ ಮೆಟ್ಟಿದೆ.