ವಿಭೂತಿ ಹಚ್ಚಿದ ಬೂಷ್ಟು

ಬೂಷ್ಟು ಹಿಡಿದ ರೊಟ್ಟಿಯನ್ನು ದನದ ಕಲಗಚ್ಚಿಗೂ ಹಾಕದಂಥ ಮನೆಯಲ್ಲಿ ಹುಟ್ಟಿದವಳು ಸೊಣ್ಣಮ್ಮ. ಅಂಥವಳಿಗೆ ಬೂಷ್ಟನ್ನೇ ಸಾಕುವ ಕಡೆ ಕೆಲಸ ಸಿಕ್ಕಿತು. ಸಿದ್ದಾಪುರದ ಆಚೆಗಿದ್ದ ಅವರ ರಾಗಿ ಹೊಲ ಜಯನಗರದ ಬಡಾವಣೆಗೆ ಸೇರಿಹೋಗಿತ್ತು. ಆ ಹೊಲದಿಂದ ಕೂಗಳತೆ ದೂರದಲ್ಲಿ ಎದ್ದ ಹೊಸ ಮನೆಯೊಂದರಲ್ಲಿ ಔಷಧಿ ಕಂಪನಿಯವರು ಸಣ್ಣದೊಂದು ಪ್ರಯೋಗಶಾಲೆ ಇಟ್ಟರು. ಆಗ ಐವತ್ತಾರನೇ ಇಸವಿ. ಗಾಜಿನ ಸಾಮಾನು ತೊಳೆಯಲು ಒಬ್ಬ ಹೆಂಗಸು ಬೇಕು ಎಂದರು. ಸೊಣ್ಣಮ್ಮ ಸೆರಗು ಸಿಕ್ಕಿಸಿಕೊಂಡು ಹೋದಳು.

ಅಲ್ಲಿ ಬೂಷ್ಟಿನ ಕೆಲಸ ನೋಡುತ್ತಿದ್ದವರು ಕಮಲಾದೇವಿ. ದಾವಣಗೆರೆ ಕಡೆಯವರು, ಎಂ.ಎಸ್ಸಿ. ಓದಿದ್ದರು, ಇನ್ನೂ ಮೂವತ್ತು ತುಂಬಿರಲಿಲ್ಲ. ಕೆರೆಯ ದಂಡೆ, ತಿಪ್ಪೆ, ಹಳೇ ಬಾವಿಯ ಕಟ್ಟೆ, ಹೀಗೆ ಎಲ್ಲೆಲ್ಲಿಂದಲೋ ಚಿಟಿಕೆ ಮಣ್ಣು ತರಿಸುತ್ತಿದ್ದರು. ಅದನ್ನು ನೀರಿನಲ್ಲಿ ಕದಡಿ, ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಗಂಜಿಯ ಮೇಲೆ ಒಂದು ತೊಟ್ಟು ಬಿಟ್ಟರೆ ನಾಲ್ಕೈದು ದಿನದಲ್ಲಿ ನೀಲಿ, ಹಸಿರು, ಬೂದಿ ಬಣ್ಣದ ಬೂಷ್ಟು ಏಳುತ್ತಿತ್ತು. ಒಂದೊಂದನ್ನೂ ಬಿಡಿಸಿ ಬೇರೆ ಬೇರೆ ಗಾಜಿನ ಕೊಳವೆಯಲ್ಲಿ ಬೆಳೆಸಿ, ಬಾಯಿಗೆ ಹತ್ತಿ ತುರುಕಿ, ಮೇಲೆ ಮೇಣದ ಪೆನ್ಸಿಲ್ಲಿನಿಂದ ನಂಬರು ಬರೆಯುತ್ತಿದ್ದರು. ಇದು ಯಾವ ಜಾತಿಯದು, ರೋಗದ ಕ್ರಿಮಿಯನ್ನು ಕೊಲ್ಲುತ್ತದೋ ಇಲ್ಲವೋ ಎಂದು ಪತ್ತೆ ಹಚ್ಚುವುದೇ ಅವರ ಕೆಲಸ.

ಸೊಣ್ಣಮ್ಮನಿಗೆ ಓದು ಬರುತ್ತಿರಲಿಲ್ಲ. ನಂಬರು ಅವಳಿಗೆ ಬರೀ ಗೀಚು. ಆದರೆ ಬಳಸಿ ಮುಗಿದ ತಟ್ಟೆಗಳನ್ನು ಕುದಿನೀರಿಗೆ ಇಳಿಸುವ ಮುಂಚೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ಅವಳ ಚಾಳಿ. ಯಾವುದು ಎಲ್ಲಿಯ ಮಣ್ಣಿನದೆಂದು ಕಮಲಾದೇವಿಯವರನ್ನು ಕೇಳಿಕೊಂಡು, ದಿನಾ ನೋಡಿ ನೋಡಿ ಮುಖಪರಿಚಯವಾಯಿತು.

"ಅಮ್ಮಣ್ಣೀ, ಈ ಸಿದ್ದಾಪುರದ ತಿಪ್ಪೇದು ಇವತ್ತು ಮೂಗುತಿ ಇಕ್ಕೊಂಡೈತೆ ನೋಡಿ!" ಎಂದು ಒಂದು ದಿನ ಕೂಗಿದಳು. ನೀಲಿ ಹಸಿರು ಬೂಷ್ಟಿನ ಮೇಲೆ ಚಿನ್ನದ ಬಣ್ಣದ ಹನಿಗಳು ನಿಂತಿದ್ದವು.

ಕಮಲಾದೇವಿ ನಕ್ಕರು. "ಅದಕ್ಕೆ ಪೆನಿಸಿಲಿಯಮ್ ಅಂತಾರೆ ಸೊಣ್ಣಮ್ಮ."

"ಹಂಗಾದ್ರೆ ಮೊನ್ನೆ ಆ ಹಸ್ರುದಕ್ಕೂ ಅದೇ ಅಂದ್ರಿ?"

"ಅದೂ ಪೆನಿಸಿಲಿಯಮ್ಮೇ. ಒಂದೇ ಕುಲ, ಜಾತಿ ಬೇರೆ."

"ಅದು ಮನೆತನದ ಹೆಸ್ರಾಯ್ತು. ಕರಿಯೋ ಹೆಸ್ರು ಬ್ಯಾಡ್ವಾ? ಇದು ಮೂಗುತಿ, ಬುಡಿ."

ಹಾಗೆ ಒಂದಕ್ಕೆ ಮೂಗುತಿ, ಇನ್ನೊಂದಕ್ಕೆ ಗಿಳಿಮರಿ, ಅಂಚು ಬೆಳ್ಳಗಿದ್ದದ್ದಕ್ಕೆ ಸರಿಗೆಪಂಚೆ. ಸುಬ್ರಹ್ಮಣ್ಯಪುರದ ಹೊಲದಿಂದ ಬಂದ ಸುಣ್ಣದ ಪುಡಿಯಂಥದೊಂದು ಮೊದಲ ಮಳೆಯ ವಾಸನೆ ಹೊಡೆಯುತ್ತಿತ್ತು. ಅದು ಮುಂಗಾರು.

ಐವತ್ತೆಂಟರ ಆಯುಧಪೂಜೆ ಬಂತು. ಹಬ್ಬ ಕಳೆದು ಹನ್ನೆರಡನೇ ದಿನಕ್ಕೆ ಕಂಪನಿಯ ಹಿರಿಯ ವಿಜ್ಞಾನಿ ಬಂದು ಎರಡು ವರ್ಷದ ಕೆಲಸ ನೋಡುವವರಿದ್ದರು. ಅವರು ಒಪ್ಪಿದರೆ ವಿಭಾಗ ಉಳಿಯುತ್ತಿತ್ತು, ಇಲ್ಲದಿದ್ದರೆ ಮುಚ್ಚುತ್ತಿತ್ತು. ತೋರಿಸಲು ಇದ್ದದ್ದು ನಲವತ್ತನಾಲ್ಕು ಕೊಳವೆ. ಹಬ್ಬದ ಹಿಂದಿನ ದಿನ ಗುಮಾಸ್ತ ಶಾಮಣ್ಣ ಹೊರಡುತ್ತಾ, "ಸೊಣ್ಣಮ್ಮಾ, ಕೆಲಸದ ಸಾಮಾನೆಲ್ಲ ತೊಳೆದು ಪೂಜೆಗೆ ಇಟ್ಬಿಡು" ಎಂದು ಹೇಳಿ ಹೋದರು.

ಸೊಣ್ಣಮ್ಮ ತಕ್ಕಡಿ ಒರೆಸಿದಳು, ಮೈಕ್ರೋಸ್ಕೋಪು ಒರೆಸಿದಳು, ಶಾಮಣ್ಣನ ಸೈಕಲ್ಲನ್ನೂ ತೊಳೆದಳು. ಆಮೇಲೆ ಬೂಷ್ಟಿನ ಕೊಳವೆಗಳ ಕಡೆ ತಿರುಗಿದಳು. ಈ ಮನೆಯಲ್ಲಿ ನಿಜವಾಗಿ ದುಡಿಯುವವು ಇವೇ, ಇವನ್ನು ಬಿಟ್ಟು ಸೈಕಲ್ಲಿಗೆ ಪೂಜೆ ಮಾಡಿದರೆ ದೇವರು ಮೆಚ್ಚುತ್ತಾನೆಯೇ? ಹತ್ತಿ ತೆಗೆಯದೆ, ಹೊರಗಿನ ಗೀಚನ್ನೆಲ್ಲ ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕಿ ಗಾಜು ಫಳಫಳ ಅನ್ನಿಸಿದಳು. ಒಂದೊಂದಕ್ಕೂ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ನಂಬರಿನ ಸಾಲಿನಲ್ಲಿ ನಿಲ್ಲಿಸಿದ್ದ ಚೌಕಟ್ಟಿನಿಂದ ಎಲ್ಲವನ್ನೂ ತೆಗೆದು ಹಿತ್ತಾಳೆ ಹರಿವಾಣದಲ್ಲಿ ತುಂಬಿ ದೇವರ ಪಟದ ಮುಂದೆ ಇಟ್ಟಳು.

ಬೆಳಗ್ಗೆ ಹೊಸ ಸೀರೆ ಉಟ್ಟು ಬಂದ ಕಮಲಾದೇವಿ ಹರಿವಾಣ ನೋಡಿ ನೆಲದ ಮೇಲೆಯೇ ಕೂತುಬಿಟ್ಟರು. ಪ್ರಯೋಗಶಾಲೆಯ ಯಜಮಾನರು ಗುರುಶಾಂತಪ್ಪನವರು. ಕೋಟಿನ ಮೇಲೆ ಶಲ್ಯ ಹೊದ್ದು ಬಂದಿದ್ದವರ ಕೈಯಲ್ಲಿ ತೆಂಗಿನಕಾಯಿ ಹಾಗೇ ಉಳಿಯಿತು.

"ಏನೇ ಇದು ಸೊಣ್ಣಮ್ಮ? ನಂಬರೆಲ್ಲಿ?"

"ಕೊಳೆ ಅಂತ ತೆಗ್ದೆ ಬುದ್ಧಿ. ಶಾಮಣ್ಣೋರೇ ಎಲ್ಲಾನೂ ತೊಳಿ ಅಂದಿದ್ರು."

"ನಾನ್ ಹೇಳಿದ್ದು ತಕ್ಕಡಿ, ಬೀಗ, ಸೈಕಲ್ಲು!" ಶಾಮಣ್ಣ ಎರಡು ಹೆಜ್ಜೆ ಹಿಂದೆ ಸರಿದರು. "ಬೂಷ್ಟಿಗೆ ಯಾರಾದ್ರೂ ವಿಭೂತಿ ಹಚ್ತಾರಾ?"

"ನಿಮ್ ಸೈಕಲ್ಲಿಗೆ ಹಚ್ಬೋದು, ಇವಕ್ಕೆ ಹಚ್ಬಾರ್ದಾ?"

"ಬಾಯಿ ಮುಚ್ಚು!" ಗುರುಶಾಂತಪ್ಪನವರು ಗುಡುಗಿದರು. "ಎರಡು ವರ್ಷದ ಕೆಲಸ ನೀರಿಗೆ ಹಾಕಿದೆ. ಯಾವುದು ಯಾವ ಮಣ್ಣು, ಯಾವುದು ಯಾವ ಜಾತಿ ಅಂತ ಈಗ ಯಾರು ಹೇಳ್ಬೇಕು? ಕೆಲಸ ಬಿಟ್ಟು ಮನೆಗೆ ಹೋಗು."

ಸೊಣ್ಣಮ್ಮನಿಗೆ ಆಗ ತಾನು ಮಾಡಿದ್ದು ಏನೆಂದು ಅರ್ಥವಾಯಿತು. ಕೆಲಸ ಹೋದದ್ದಕ್ಕಿಂತ ನೆಲದ ಮೇಲೆ ಕೂತ ಕಮಲಾದೇವಿಯ ಮುಖ ಅವಳನ್ನು ಹೆಚ್ಚು ನೋಯಿಸಿತು. ಹೊಸ್ತಿಲವರೆಗೆ ಹೋದವಳು ತಿರುಗಿ ನಿಂತಳು.

"ಅಮ್ಮಣ್ಣಿ, ನಂಬರು ನಂಗೊತ್ತಿಲ್ಲ. ಆದ್ರೆ ಯಾವ್ದು ಎಲ್ಲೀದು ಅಂತ ನಾನು ಹೇಳ್ತೀನಿ."

ಗುರುಶಾಂತಪ್ಪನವರು ತೆಂಗಿನಕಾಯಿ ಕೆಳಗಿಟ್ಟು ಒಳಗೆ ಹೋದರು. ಒಳಕೋಣೆಯ ಬೀರುವಿನಲ್ಲಿ ನಂಬರು ಅಳಿಯದ ಹಳೇ ಕೊಳವೆಗಳು ಕೆಲವು ಉಳಿದಿದ್ದವು. ಅದರಲ್ಲಿ ಮೂರು ತಂದು, ನಂಬರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಮೊದಲನೆಯದನ್ನು ಅವಳ ಮುಂದೆ ಚಾಚಿದರು.

ಸೊಣ್ಣಮ್ಮ ಬೆಳಕಿಗೆ ಬಗ್ಗಿ ನೋಡಿದಳು. "ಇದು ಆ ಹಳೇ ಬಾವಿ ಕಟ್ಟೇದು. ಮೇಲೆ ಹಸ್ರು, ಬೆನ್ನು ಈರುಳ್ಳಿ ಸಿಪ್ಪೆ ಬಣ್ಣ."

ಎರಡನೆಯದು ಕೊಟ್ಟರು. "ಇದು ಮುಂಗಾರು. ಮೂಸಿ ನೋಡೋದೇ ಬ್ಯಾಡ."

ಮೂರನೆಯದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದು ನಮ್ ಸಂಸಾರದ್ದಲ್ಲ ಬುದ್ಧಿ. ನಾನಿದ್ನ ಯಾವತ್ತೂ ಕಂಡೇ ಇಲ್ಲ."

ಅದು ಬೇರೆ ಊರಿನಿಂದ ಅಂಚೆಯಲ್ಲಿ ಬಂದು, ಬೀರುವಿನಿಂದ ಆಚೆ ಬಾರದೇ ಇದ್ದದ್ದು. ಗುರುಶಾಂತಪ್ಪನವರು ಶಲ್ಯ ತೆಗೆದು ಕುರ್ಚಿಯ ಮೇಲೆ ಹಾಕಿದರು. "ಕಮಲಮ್ಮ, ನೋಟ್‌ಬುಕ್ ತಗೊಳ್ಳಿ. ಪೂಜೆ ಆಮೇಲೆ."

ಅವತ್ತು ಮಧ್ಯಾಹ್ನದವರೆಗೆ ಆ ಮನೆಯಲ್ಲಿ ನಡೆದದ್ದು ಅದೊಂದೇ ಕೆಲಸ. ಕಮಲಾದೇವಿ ಒಂದೊಂದು ನಂಬರಿನ ಮುಂದೆ ತಾವು ಬರೆದಿಟ್ಟಿದ್ದನ್ನು ಆ ಪುಸ್ತಕದಲ್ಲಿ ನೋಡಿ ಕನ್ನಡದಲ್ಲಿ ಹೇಳುವರು: ಮೇಲೆ ಇಂಥ ಬಣ್ಣ, ಹಿಂದೆ ಇಂಥ ಬಣ್ಣ, ಹನಿ ಇದೆ, ಹನಿ ಇಲ್ಲ. ಪುಸ್ತಕದಲ್ಲಿ ಐದಾರಕ್ಕೆ ಒಂದೇ ವರ್ಣನೆ ಇತ್ತು. ಸೊಣ್ಣಮ್ಮ ಆ ಐದಾರನ್ನೂ ಸಾಲಾಗಿ ಇಟ್ಟುಕೊಂಡು, ಇದು ಬೇಗ ಬೆಳೆಯುವುದು, ಇದು ಸೋಮಾರಿ, ಇದರದ್ದು ಮಖಮಲ್ಲಿನ ಮೈ, ಇದು ಮುಟ್ಟಿದರೆ ಹಾರುವ ಪುಡಿ ಎಂದು ಬಿಡಿಸಿ, ಯಾವುದು ಎಲ್ಲಿಯ ಮಣ್ಣಿನದೆಂದು ಹೇಳುವಳು. ನಾಲ್ಕು ಕೊಳವೆ ಮಾತ್ರ ಕೊನೆಗೂ ಪಕ್ಕಕ್ಕೆ ಸರಿಸಿದಳು. "ಇವು ನಂಗೆ ಗೊತ್ತಾಗಾಕಿಲ್ಲ ಅಮ್ಮಣ್ಣಿ. ಸುಮ್ಕೆ ಹೇಳಿದ್ರೆ ಪಾಪ ಬತ್ತದೆ."

ಬಾಯಿಮಾತು ಸಾಲದಲ್ಲ. ಕಮಲಾದೇವಿ ಅವಷ್ಟನ್ನೂ ಹೊಸ ತಟ್ಟೆಗಳಲ್ಲಿ ಬೆಳೆಸಿದರು. ಎಂಟು ದಿನ ಕಾದರು. ಆ ಎಂಟು ದಿನ ಸೊಣ್ಣಮ್ಮ ಅನ್ನ ಸರಿಯಾಗಿ ಉಣ್ಣಲಿಲ್ಲ, ತಟ್ಟೆಗಳ ಹತ್ತಿರವೂ ಸುಳಿಯಲಿಲ್ಲ. ಒಂಬತ್ತನೇ ದಿನ ಒಂದೊಂದನ್ನೂ ಮೈಕ್ರೋಸ್ಕೋಪಿನ ಕೆಳಗಿಟ್ಟು, ಪುಸ್ತಕದ ಚಿತ್ರಕ್ಕೂ ಅಳತೆಗೂ ತಾಳೆ ನೋಡಿದರು. ನಲವತ್ತರಲ್ಲಿ ಮೂವತ್ತೆಂಟು ಸರಿಯಾಗಿದ್ದವು. ಎರಡು ಅದಲುಬದಲು. ಮೂಗುತಿಯನ್ನು ಕ್ರಿಮಿ ಬೆಳೆದ ತಟ್ಟೆಯಲ್ಲಿಟ್ಟಾಗ ಅದರ ಸುತ್ತ ಕ್ರಿಮಿ ಸತ್ತು, ಪುಸ್ತಕದಲ್ಲಿ ಬರೆದಷ್ಟೇ ಅಗಲದ ತಿಳಿಯಾದ ಬಳೆ ಬಿದ್ದಿತ್ತು.

ಹಿರಿಯ ವಿಜ್ಞಾನಿ ಬಂದ ದಿನ ಕಮಲಾದೇವಿ ಏನನ್ನೂ ಮುಚ್ಚಿಡಲಿಲ್ಲ. ಪಕ್ಕಕ್ಕೆ ಸರಿಸಿದ್ದ ನಾಲ್ಕರ ಮುಂದೆ ಗುರುತು ಸಿಕ್ಕಿಲ್ಲ ಎಂದೇ ಬರೆದಿದ್ದರು. ವಿಜ್ಞಾನಿಗಳು ಮಧ್ಯಾಹ್ನವೆಲ್ಲ ಕೂತು ನೋಡಿ, ಮೂಗುತಿಯೂ ಸೇರಿದಂತೆ ಐದನ್ನು ಕಾರ್ಖಾನೆಗೆ ತೆಗೆದುಕೊಂಡು ಹೋದರು. ವಿಭಾಗ ಇನ್ನೂ ಮೂರು ವರ್ಷ ನಡೆಯಲಿ ಎಂದು ಸಹಿ ಹಾಕಿದರು.

ಸುದ್ದಿ ಹೇಳಲು ಕಮಲಾದೇವಿ ಹಿತ್ತಲಿಗೆ ಓಡಿ ಬಂದರು. ಸೊಣ್ಣಮ್ಮ ನಲ್ಲಿಯ ಕೆಳಗೆ ತಟ್ಟೆ ಉಜ್ಜುತ್ತಿದ್ದಳು.

"ಉಳೀತು ಸೊಣ್ಣಮ್ಮ! ನಿಮ್ಮ ಕೆಲಸಾನೂ ಉಳೀತು. ಹೊಸ ತಟ್ಟೆ ಬಂದಾಗ ಮೊದಲು ನೀವೇ ನೋಡಿ ಬೇರೆ ಮಾಡ್ಬೇಕಂತೆ, ಬಂದಿದ್ದ ಸಾಹೇಬ್ರೇ ಹೇಳಿದ್ರು."

"ಅದಿರ್ಲಿ, ಆ ಎರಡು ಯಾಕೆ ತಪ್ಪಾದ್ವು?"

"ಹೋಗ್ಲಿ ಬಿಡಿ ಈಗ."

"ಅದೆಂಗೆ ಬುಡಾಕಾಯ್ತದೆ? ಎಲ್ಲಿ ಎಡವ್ದೆ ಅಂತ ತೋರ್ಸಿ."

ಕಮಲಾದೇವಿ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಎತ್ತರದ ಸ್ಟೂಲಿನ ಮೇಲೆ ಕೂರಿಸಿದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಮೊದಲು ಬರೀ ಮಂಜು. ಕಮಲಾದೇವಿ ತಿರುಪು ತಿರುಗಿಸಿದಂತೆ ಮಂಜು ಸರಿದು, ಸಣ್ಣ ಪೊರಕೆಯಂಥದೊಂದು ಕಡ್ಡಿ ಕಡ್ಡಿಯಾಗಿ ಎದ್ದು ನಿಂತಿತು. ಆ ಗಾಜು ತೆಗೆದು ಇನ್ನೊಂದು ಬೂಷ್ಟಿನ ಗಾಜು ಇಟ್ಟರು. ಅದೂ ಪೊರಕೆಯೇ, ಆದರೆ ಕಡ್ಡಿಗಳು ಎರಡು ಮೆಟ್ಟಿಲಾಗಿ ಕವಲೊಡೆದಿದ್ದವು.

"ಅಯ್ ಶಿವನೇ! ಮೇಲ್ಗಡೆ ಅವಳಿಜವಳಿ ಹಂಗವೆ, ಒಳಗೆ ನೋಡಿದ್ರೆ ಬ್ಯಾರೆ ಬ್ಯಾರೆ! ಇನ್ನೊಂದ್ಸಲ ಮೊದ್ಲಿಂದು ಇಕ್ಕಿ."

ಹಿತ್ತಲಿನಲ್ಲಿ ನಲ್ಲಿ ಸುರಿಯುತ್ತಲೇ ಇತ್ತು. ಕಾರಿಡಾರಿನಲ್ಲಿ ಬರುತ್ತಿದ್ದ ಗುರುಶಾಂತಪ್ಪನವರು ಬಾಗಿಲಲ್ಲಿ ನಿಂತು, ಸ್ಟೂಲಿನ ಮೇಲೆ ಬಗ್ಗಿ ಕೂತ ಸೊಣ್ಣಮ್ಮನನ್ನು ನೋಡಿದರು. ಹಿತ್ತಲಿಗೆ ಹೋಗಿ ತಾವೇ ನಲ್ಲಿ ನಿಲ್ಲಿಸಿದರು.