ಬಟಾಟಿ ಅಜ್ಜಿಯ ಬಟ್ಟಲು

ನೀಲಿ ಅಂಚಿನ ಆ ಎನಾಮಲ್ ಬಟ್ಟಲಿಗೆ ಏನು ಹಾಕಿದರೂ ಇವತ್ತಿಗೂ ಕರಿದ ಆಲೂಗಡ್ಡೆಯ ವಾಸನೆ ಏಳುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇನೆ, ಬಿಸಿಲಿಗಿಟ್ಟಿದ್ದೇನೆ, ಹೋಗುವುದಿಲ್ಲ. ಎಲ್ಲ ನಿನ್ನ ಭ್ರಮೆ ಎಂದು ಗಂಡ ನಗುತ್ತಾನೆ. ಇರಬಹುದು. ನಿಮ್ಮ ಮನೆಯಲ್ಲೂ ಇಂಥದೊಂದು ಪಾತ್ರೆ ಇದ್ದೀತು, ಬಳಸಲೂ ಆಗದ್ದು, ಬಿಸಾಡಲೂ ಆಗದ್ದು.

ಕಂಪ್ಯೂಟರ್ ಕಲಿತವರಿಗೆ ಜರ್ಮನಿ ಗ್ರೀನ್ ಕಾರ್ಡ್ ಕೊಡುತ್ತಿದ್ದ ವರ್ಷಗಳವು. ಅಪ್ಪ ನಮ್ಮನ್ನು ಹುಬ್ಬಳ್ಳಿಯಿಂದ ಶ್ವೀಬರ್ಡಿಂಗೆನ್‌ಗೆ ಕರೆತಂದಾಗ ನಾನು ಎಂಟು ವರ್ಷದವಳು. ನಮ್ಮ ಮನೆಯ ಕೆಳಗೇ ಒಂದು ಇಂಬಿಸ್ ಇತ್ತು, ನಿಂತೇ ತಿಂದು ಹೋಗುವ ಕರಿದ ತಿಂಡಿಯ ಪುಟ್ಟ ಅಂಗಡಿ. ಅದರ ಪಕ್ಕ ಬ್ರೆಡ್ಡಿನವನು, ಆಚೆಗೆ ಹೂವಿನವಳು; ಅಷ್ಟೇ ನಮ್ಮ ಪೇಟೆ. ಭಾಷೆ ಬಾರದ ಅವ್ವ ಮೊದಲ ಚಳಿಗಾಲವನ್ನೆಲ್ಲ ಕಿಟಕಿಯ ಬಳಿ ಕಳೆದಳು. ಅವಳನ್ನು ಕೆಳಗಿಳಿಸಿದ್ದು ಇಂಬಿಸ್ಸಿನ ಮುದುಕಿ. ಮಾಂಸ ಕರಿದ ಎಣ್ಣೆ ನಮಗಾಗದು ಎಂದು ಶಾಲೆಯಲ್ಲಿ ಕಲಿತ ಹರಕುಮುರುಕು ಜರ್ಮನ್‌ನಲ್ಲಿ ನಾನು ಹೇಳಿದ್ದೇ ತಡ, ಸಣ್ಣ ಪಾತ್ರೆಯೊಂದರಲ್ಲಿ ಹೊಸ ಎಣ್ಣೆ ಇಟ್ಟು, ನಮಗೆಂದೇ ಪೋಮೆಸ್, ಅಂದರೆ ಉದ್ದುದ್ದ ಹೆಚ್ಚಿದ ಆಲೂಗಡ್ಡೆ, ಕರಿದು, ತನ್ನ ಮನೆಯ ಬಟ್ಟಲಲ್ಲಿ ಹಾಕಿ ಕೊಟ್ಟಳು. ಆಲೂಗಡ್ಡೆಗೆ ನಮ್ಮ ಕಡೆ ಬಟಾಟಿ ಎನ್ನುವುದು; ಅವ್ವ ಅವಳಿಗೆ ಬಟಾಟಿ ಅಜ್ಜಿ ಎಂದು ಹೆಸರಿಟ್ಟಳು.

ನಮ್ಮ ಕಡೆ ಬೇರೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ರೂಢಿಯಿಲ್ಲ. ಅವ್ವ ಬಟ್ಟಲು ತೊಳೆದು ಶೇಂಗಾ ಹೋಳಿಗೆ ಇಟ್ಟು ಕಳಿಸಿದಳು. ಅಜ್ಜಿ ಕಾರಣ ಕೇಳಿದಳು, ನಾನು ಹೇಳಿದೆ. ಅಲ್ಲಿಂದ ಅವಳೂ ಖಾಲಿ ಕೊಡಲೊಲ್ಲಳು! ಅಂಗಡಿಗೆ ರಜೆಯಿದ್ದರೆ ಹಸಿ ಆಲೂಗಡ್ಡೆಯನ್ನಾದರೂ ಹಾಕಿಕೊಂಡು ಮಹಡಿ ಹತ್ತಿ ಬರುವಳು. "ನಿಮ್ಮಿಬ್ಬರ ಬಟ್ಟಲದ ಜಿದ್ದು ಎಂದರ ಮುಗೀತೈತೇನು?" ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಅಂಗಡಿಯ ಹಿಂದೆ ಇಬ್ಬರೂ ಆಲೂಗಡ್ಡೆ ಸುಲಿಯುತ್ತ ಕೂತು, ತಂತಮ್ಮ ಭಾಷೆಯಲ್ಲೇ ಗಂಟೆಗಟ್ಟಲೆ ಹರಟುತ್ತಿದ್ದರು. ಅವ್ವ ಅಷ್ಟು ನಕ್ಕದ್ದನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.

ಅಪ್ಪನ ಕೆಲಸ ಇದ್ದಕ್ಕಿದ್ದಂತೆ ಮುಗಿಯಿತು. ಹೊರಡುವ ಬೆಳಿಗ್ಗೆ ಬಟ್ಟಲು ನಮ್ಮ ಬಳಿಯೇ ಇತ್ತು. ಮನೆಯಲ್ಲಿ ಚಿಟಿಕೆ ಸಕ್ಕರೆಯೂ ಉಳಿದಿರಲಿಲ್ಲ. "ಖಾಲಿ ಬಟ್ಟಲ ಹೆಂಗ ಕೊಡೂದವ್ವಾ? ಮುಂದ ಬಂದಾಗ ತುಂಬಿ ಕೊಡೂಣು" ಎಂದು ಅವ್ವ ಅದನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಅಜ್ಜಿ ಬಾಗಿಲಲ್ಲಿ ನಿಂತು ಕೈಬೀಸಿದಳು, ಬಟ್ಟಲು ಕೇಳಲಿಲ್ಲ. ಹುಬ್ಬಳ್ಳಿಯಲ್ಲಿ ಅವ್ವ ಅದನ್ನು ಒಂದು ದಿನವೂ ಬಳಸಲಿಲ್ಲ. ಕೊನೆಗಾಲದಲ್ಲಿ, ನನ್ನ ಗುರುತೇ ಹತ್ತದಿದ್ದಾಗಲೂ, "ಬಟ್ಟಲ ಮುಟ್ಟಿಸಿ ಬಂದ್ಯೇನು?" ಎಂದು ಕೇಳುವಳು. ಹಾಗೆ ಕೇಳುತ್ತಲೇ ಹೋಗಿಬಿಟ್ಟಳು.

ಈಗ ನನಗೂ ಜರ್ಮನಿಯಲ್ಲೇ, ಬಾನ್‌ನಲ್ಲಿ, ನೌಕರಿ. ಅವ್ವನ ವರ್ಷಾಂತಿಕ ಕಳೆದ ಮೇಲೆ ಶೇಂಗಾ ಹೋಳಿಗೆ ಮಾಡಿ, ಬಟ್ಟಲು ತುಂಬಿ, ಮೇಲೊಂದು ಬಟ್ಟೆ ಕಟ್ಟಿ ಅಜ್ಜಿಯ ಊರಿಗೆ ಹೋದೆ. ಬ್ರೆಡ್ಡಿನವನಿಲ್ಲ, ಹೂವಿನವಳಿಲ್ಲ. ಇಂಬಿಸ್ ಇದ್ದಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ, ಒಳಗೆಲ್ಲ ಬಣ್ಣದ ಘಾಟು. ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತಂತೆ. ಅಷ್ಟು ಹೇಳಿದ ಅಂಗಡಿಯ ಹುಡುಗಿ, ನಾನು ಬಾಗಿಲು ದಾಟುವಾಗ ತಲೆಯೆತ್ತಿ ಗಾಳಿ ಮೂಸಿದಳು.

"ಪೋಮೆಸ್ ತಂದಿದ್ದೀರಾ?" ಎಂದಳು.

ಬಟ್ಟೆ ಬಿಚ್ಚಿ ತೋರಿಸಿದೆ. ತಣ್ಣಗಾದ ಹೋಳಿಗೆಗಳಿದ್ದವು.

ಅವ್ವಾ, ತುಂಬಿದ ಬಟ್ಟಲು ಹಾಗೆಯೇ ನನ್ನ ಜೊತೆ ವಾಪಸ್ಸು ಬಂತು.