ಬಲಗಾಲಿನ ಮೇಲಿನ ದೂರು

ಕೊರಿಯಾದ ಗುನ್‌ಸಾನಿನಲ್ಲಿ ನಾವು ಮೂವರು ಹೆಂಗಸರು ನಡೆಸುವ ಪಲ್ಯದಂಗಡಿಗೆ ಇದ್ದದ್ದು ಒಂದೇ ಕಾರು, ಸುನಿಮಕ್ಕನದು. ಬೆಳಿಗ್ಗೆ ನಾವು ಕಿಮ್ಚಿ, ಸೋಯಾದಲ್ಲಿ ಬೇಯಿಸಿದ ತಾವರೆಗೆಡ್ಡೆ, ಹುರಿದ ಒಣಮೀನು ಡಬ್ಬಿಗೆ ತುಂಬಿಕೊಟ್ಟರೆ ಅವಳು ಸೆಮಾಂಗುಮ್ ಕಡಲಕಟ್ಟೆಯ ಮೇಲಿನ ರಸ್ತೆ ಹಿಡಿದು ಆಚೆ ದಡದ ಮನೆಗಳಿಗೆ ಮುಟ್ಟಿಸಿ ಬರುತ್ತಿದ್ದಳು.

ಅವಳ ಬಲ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಮದುವೆಯಾದಂದಿನಿಂದ ಅತ್ತೆ ಮನೆಯ ನೆಲವನ್ನು ಮಂಡಿಯೂರಿ ಒರೆಸಿದ್ದು, ಚಳಿಗಾಲದ ಮೊದಲಲ್ಲಿ ಇಡೀ ವಂಶದ ಕಿಮ್ಚಿಗಾಗುವಷ್ಟು ಕೋಸಿಗೆ ಕುಕ್ಕರಗಾಲಲ್ಲಿ ಕೂತು ಖಾರ ಹಚ್ಚಿದ್ದು, ಇದೆಲ್ಲವನ್ನೂ ವೈದ್ಯರು ‘ಸವೆತ’ ಎಂಬ ಒಂದೇ ಮಾತಿನಲ್ಲಿ ಬರೆದು ಮುಗಿಸಿದ್ದರು. ಕಟ್ಟೆಯ ರಸ್ತೆ ನೆಟ್ಟಗೆ ಎಳೆದ ದಾರದ ಹಾಗೆ. ಅಲ್ಲಿ ಕ್ರೂಸ್ ಕಂಟ್ರೋಲಿನ ಗುಂಡಿ ಒತ್ತಿದರೆ ಕಾರು ತಾನೇ ವೇಗ ಹಿಡಿದುಕೊಳ್ಳುತ್ತಿತ್ತು, ಬ್ರೇಕ್ ಮುಟ್ಟಿದರಷ್ಟೇ ಬಿಡುತ್ತಿತ್ತು; ಸುನಿಮಕ್ಕ ಬಲಗಾಲನ್ನು ತೆಗೆದು ಕೆಳಗೆ ಚಾಚಿಕೊಳ್ಳುತ್ತಿದ್ದಳು. ದಿನದಲ್ಲಿ ಆ ಕಾಲಿಗೆ ಯಾರೂ ಕೆಲಸ ಹೇಳದ ಹೊತ್ತು ಅದೊಂದೇ.

ಆ ವಸಂತದಲ್ಲಿ ಕ್ರೂಸ್ ನಡುದಾರಿಯಲ್ಲಿ ಕೈಕೊಡಲು ಶುರುಮಾಡಿತು. ಹಿಂದಿನಿಂದ ಬರುವವರು ಹಾರ್ನ್ ಹೊಡೆಯುತ್ತಿದ್ದರು; ಇವಳ ಹಿಂದಿನ ಕೆಂಪು ದೀಪ ಸುಮ್ಮಸುಮ್ಮನೆ ಹತ್ತುತ್ತಿತ್ತಂತೆ. ಕೆಲವು ಬೆಳಿಗ್ಗೆ ಬ್ಯಾಟರಿ ಸತ್ತು ಬಿದ್ದಿರುತ್ತಿತ್ತು. ದೀಪ ಆರಿಸದೆ ಬಂದೆ ಎಂದು ಗಂಡ ಚೊಲ್ಗು ಬೈಯುತ್ತಿದ್ದ. ಅವನು ಬಂದರಿನ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿದ್ದ. ಅವನ ತಮ್ಮನದೇ ಗ್ಯಾರೇಜು, ಅಲ್ಲಿಗೆ ಕಾರು ಹೋಯಿತು. ಮೈದುನ ಊರಾಚೆ ಓಡಿಸಿ ನೋಡಿದ. ಕ್ರೂಸ್ ಸರಿಯಾಗಿಯೇ ಇತ್ತು. ಆಮೇಲೆ ಕಾರಿಗೆ ಕಂಪ್ಯೂಟರ್ ಸಿಕ್ಕಿಸಿ ಅದರಲ್ಲಿದ್ದ ಹಳೆಯ ದಾಖಲೆಯನ್ನೆಲ್ಲ ಓದಿದ.

“ಅತ್ತಿಗೆ, ಮೆಷಿನ್ ಸುಳ್ಳು ಹೇಳಲ್ಲ. ಕ್ರೂಸ್ ಬಿಟ್ಟಾಗೆಲ್ಲ ಬ್ರೇಕ್ ಒತ್ತಿದೆ ಅಂತಿದೆ. ನಿಮಗೇ ಗೊತ್ತಿಲ್ಲದೆ ಕಾಲು ಹೋಗ್ತಿದೆ.”

“ಬಾಯಿಗಿಲ್ಲದ ಬ್ರೇಕು ಕಾಲಿಗಾದ್ರೂ ಇದೆಯಲ್ಲ, ಬಿಡು,” ಎಂದ ಚೊಲ್ಗು. ಅಣ್ಣತಮ್ಮ ಇಬ್ಬರೂ ನಕ್ಕರು.

ಅದು ನಗೆಯಲ್ಲೇ ಮುಗಿಯುತ್ತಿತ್ತೇನೋ. ಆದರೆ ಅದೇ ತಿಂಗಳು ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಯಾರ ಮನೆಗೆ ಎಂಬ ಮಾತು ಬಂತು. ತನಗರಿವಿಲ್ಲದೆ ಬ್ರೇಕ್ ಒತ್ತುವ ಹೆಂಗಸು ಹೆದ್ದಾರಿಯಲ್ಲಿ ಸತ್ತರೆ ಯಾರು ಹೊಣೆ, ಕಾರು ಮಾರಿ ಅವಳು ಮನೆಯಲ್ಲಿರಲಿ, ಅಮ್ಮನನ್ನೂ ನೋಡಿಕೊಂಡ ಹಾಗಾಯಿತು ಎಂದು ಚೊಲ್ಗು ಹೇಳಿದ. ಎಲ್ಲರೂ ಒಪ್ಪಿದರು. ಕಾಳಜಿಯ ಮಾತಿಗೆ ಇಲ್ಲವೆನ್ನುವುದು ಹೇಗೆ?

ಸುನಿಮಕ್ಕನಿಗೂ ತನ್ನ ಕಾಲಿನ ಮೇಲೆ ನಂಬಿಕೆ ಹೋಯಿತು. ಬರಿಗಾಲಲ್ಲಿ ಓಡಿಸಿ ನೋಡಿದಳು. ರಸ್ತೆ ಬಿಟ್ಟು ಪಾದವನ್ನೇ ನೋಡುತ್ತ ಒಮ್ಮೆ ಮೀನಿನ ಲಾರಿಯ ಬೆನ್ನಿಗೆ ಗುದ್ದುವುದರಲ್ಲಿದ್ದಳು. ಅಂಗಡಿಗೆ ಬಂದು ಸಿಂಕಿನ ಮುಂದೆ ನಿಂತು ಕೈ ತೊಳೆಯುತ್ತಲೇ ಇದ್ದಳು. ಬಹುಶಃ ಅವರು ಹೇಳೋದೇ ನಿಜ ಕಣೇ ಎಂದಳು. ಅದಾದ ಮೇಲೆ ಅವಳೊಬ್ಬಳನ್ನೇ ಕಳಿಸಲು ನನಗೆ ಮನಸ್ಸಾಗದೆ ಜೊತೆಗೆ ಹೊರಟೆ.

ಅವತ್ತು ಮಳೆ. ಅಪಾರ್ಟ್‌ಮೆಂಟೊಂದರ ಬಿಳಿ ಗೋಡೆಗೆ ಬೆನ್ನು ಮಾಡಿ ಕಾರು ನಿಲ್ಲಿಸಿ, ಆಫ್ ಮಾಡಿ, ಇಬ್ಬರೂ ಡಬ್ಬಿ ಹಿಡಿದು ಇಳಿದೆವು. ಗೋಡೆ ಕೆಂಪಾಗಿತ್ತು. ದೀಪ ಆರಿಸಿಲ್ಲ ನೋಡಕ್ಕ ಎಂದೆ. ಅವಳು ಗೋಡೆ ನೋಡಿದಳು, ಆಮೇಲೆ ಮಳೆನೀರಿನಲ್ಲಿದ್ದ ತನ್ನ ಎರಡೂ ಪಾದ ನೋಡಿಕೊಂಡಳು.

“ಕಾರಿನೊಳಗೆ ಯಾರಿದ್ದಾರೆ?”

“ಯಾರೂ ಇಲ್ಲ ಅಕ್ಕ.”

“ಇನ್ನೊಂದ್ಸಲ ನೋಡಿ ಹೇಳು.”

ಡಬ್ಬಿಗಳನ್ನು ಅಲ್ಲೇ ಇಟ್ಟು, ಫೋನಿನ ಬೆಳಕು ಹಿಡಿದು, ಆ ಮಂಡಿಯಲ್ಲೇ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿದಳು. ಬ್ರೇಕ್ ಪೆಡಲಿನ ಮೇಲ್ಭಾಗದಲ್ಲೊಂದು ಸ್ವಿಚ್ಚು, ಅದಕ್ಕೆ ಮೊಳೆಯಂಥ ಮೂತಿ. ಕಾಲು ತೆಗೆದಾಗ ಪೆಡಲಿನ ತೋಳಿನ ತೂತಿಗೆ ಸಿಕ್ಕಿಸಿರುವ ಪ್ಲಾಸ್ಟಿಕ್ ಬಿಲ್ಲೆ ಹಿಂದೆ ಬಂದು ಆ ಮೂತಿಯನ್ನು ಒತ್ತಿ ಹಿಡಿಯಬೇಕು. ಆಗ ಬ್ರೇಕಿನ ಕೆಂಪು ದೀಪ ಆರುತ್ತದೆ. ಬಿಲ್ಲೆ ಅರ್ಧ ಉದುರಿಹೋಗಿತ್ತು. ಅಲುಗಾಟಕ್ಕೆ ಮೂತಿ ಜಾರಿ ತೂತಿನೊಳಗೆ ಇಳಿದರೆ ಸಾಕು, ಬ್ರೇಕ್ ಒತ್ತಿದ್ದಾರೆಂದು ಕಾರು ತಿಳಿಯುತ್ತಿತ್ತು, ಕ್ರೂಸ್ ಬಿಟ್ಟುಬಿಡುತ್ತಿತ್ತು. ಸುನಿಮಕ್ಕ ಬೆರಳಿನಿಂದ ಮೂತಿ ಒತ್ತಿದಳು.

“ಹೋಯ್ತು,” ಎಂದೆ ಗೋಡೆ ನೋಡುತ್ತ. ಬೆರಳು ತೆಗೆದಳು. “ಬಂತು.”

ಕಾಲಡಿಯ ಮ್ಯಾಟಿನ ಮೇಲೆ ಬಿಲ್ಲೆಯ ನೀಲಿ ಚೂರುಗಳಿದ್ದವು. ಅವನ್ನು ಅವಳು ಅಂಗೈಗೆ ಹಾಕಿಕೊಂಡಳು. ಕಾರಿನಲ್ಲಿ ಮರಳಿನ ಕಾಳಿದ್ದರೂ ಚೊಲ್ಗು ಕೂಗಾಡುತ್ತಿದ್ದನಾದ್ದರಿಂದ ಅವಳು ಪ್ರತಿ ಸಂಜೆ ಮ್ಯಾಟು ಕೊಡವುತ್ತಿದ್ದಳು.

“ಇವನ್ನ ನಾನೇ ದಿನಾ ಕೊಡವಿದ್ದೀನಿ ಕಣೇ. ಡಬ್ಬಿ ಮುಚ್ಚಳದ ಚೂರು ಅಂದ್ಕೊಂಡು.”

ಆ ಮನೆಯ ಗಂಡಸರಲ್ಲಿ ಯಾರೊಬ್ಬರೂ ಒಂದು ಸಲವೂ ಮ್ಯಾಟು ಕೊಡವಿದವರಲ್ಲ. ಕೊಡವಿದವಳು ತನ್ನ ಸಾಕ್ಷಿಯನ್ನು ತಾನೇ ಗಾಳಿಗೆ ತೂರುತ್ತ ಬಂದಿದ್ದಳು.

ಗ್ಯಾರೇಜಿನಲ್ಲಿ ಮೈದುನ ಹೊಸ ಬಿಲ್ಲೆ ಸಿಕ್ಕಿಸಿದ. ಹಳೇ ಕಾರುಗಳಲ್ಲಿ ಇದು ಇದ್ದದ್ದೇ ಅತ್ತಿಗೆ ಎಂದು ಕೈ ಒರೆಸಿಕೊಂಡ. ಚೊಲ್ಗು ಮಾತ್ರ ಸಲೀಸಾಗಿದ್ದ.

“ಒಳ್ಳೇದೇ ಆಯ್ತು. ಸರಿಯಿರೋ ಕಾರಿಗೆ ಗಿರಾಕಿ ಬೇಗ ಸಿಗ್ತಾರೆ.”

“ಕಾಲಿನ ತಪ್ಪಲ್ಲ ಅಂತ ಗೊತ್ತಾದ್ಮೇಲೂ ಮಾರೋದಾ?”

“ಅಮ್ಮ ಬರ್ತಾಳಲ್ಲ.”

“ಹಾಗಂತ ಮೊದಲೇ ಹೇಳ್ಬೇಕಿತ್ತು, ಬೊರಾಮ್ ಅಪ್ಪ,” ಎಂದಳು ಸುನಿಮಕ್ಕ. ಬೊರಾಮ್ ಅವರ ಮಗಳು. “ಕಾಲಿನ ಮೇಲೆ ಯಾಕೆ ಹಾಕಿದ್ರಿ?”

ಅವನು ತಮ್ಮನ ಮುಖ ನೋಡಿದ. ತಮ್ಮ ಕಾರಿನ ಬಾಗಿಲು ಹಾಕುವುದರಲ್ಲಿದ್ದ. ಸುನಿಮಕ್ಕ ಕೀಲಿ ಕೊಡಲಿಲ್ಲ.

ಅತ್ತೆ ಬಂದಳು. ಈಗ ಸುನಿಮಕ್ಕ ಕತ್ತಲಲ್ಲೇ ಎದ್ದು ಗಂಜಿ ಬೇಯಿಸಿ, ಮುದುಕಿಯ ಮೈ ಒರೆಸಿ, ಮಗ್ಗುಲು ಬದಲಿಸಿ ಅಂಗಡಿಗೆ ಬರುತ್ತಾಳೆ. ಕ್ರೂಸ್ ಕೈಕೊಡುವುದಿಲ್ಲ. ಮೊನ್ನೆ ಕಟ್ಟೆಯ ಮಧ್ಯದಲ್ಲಿದ್ದಾಗ ಚೊಲ್ಗು ಫೋನ್ ಮಾಡಿದ. ಅಮ್ಮ ಒದ್ದೆ ಮಾಡಿಕೊಂಡಿದ್ದಾಳೆ, ಬೇಗ ಬಾ ಎಂದ. ಬಚ್ಚಲ ಎಡಗಡೆ ಕಪಾಟಿನಲ್ಲಿ ಬಟ್ಟೆಯಿದೆ, ನೀವೇ ಬದಲಿಸಿ ಎಂದಳು ಇವಳು. ನಾನಾ ಎಂದು ಕೇಳಿದ ಅವನು. ಇವಳು ಕಾರು ತಿರುಗಿಸದೆ ಎಲ್ಲ ಮನೆಗೂ ಡಬ್ಬಿ ಮುಟ್ಟಿಸಿದಳು.

ಸಂಜೆ ಹೋದಾಗ ಅತ್ತೆ ಅದೇ ಒದ್ದೆ ಹಾಸಿಗೆಯಲ್ಲಿದ್ದಳಂತೆ. ಬೆನ್ನು ಕೆಂಪಾಗಿತ್ತಂತೆ. ಪಕ್ಕದ ಕೋಣೆಯಲ್ಲಿ ಟೀವಿ ಹಾಕಿತ್ತಂತೆ. ಮರುದಿನ ಡಬ್ಬಿಗಳನ್ನು ಕಾರಿಗೆ ಏರಿಸುತ್ತ ಅವಳು ಇದನ್ನು ಹೇಳಿದಳು.

“ಅವಳನ್ನ ಹಾಗೆ ಬಿಟ್ಟವಳು ನಾನಾ?”

ಅಲ್ಲ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಕೊನೆಯ ಡಬ್ಬಿ ಇಟ್ಟು, ಕಾರು ಹತ್ತಿ, ಹೊರಟಳು.